ವಿಲ್ಬರ್‌ಫೋರ್ಸನೂ ಆತನ ಸಭಾಪಾಲಕರೂ



ನಮ್ಮ ಹಳ್ಳಿಯ ಸಭೆಗಳಲ್ಲಿ ಮನಸ್ಸಿನ ಸಂಕಟವುಳ್ಳ ಒಬ್ಬನು ಉಪದೇಶಿಯ ಮನೆಗೆ ಹೋಗಬೇಕೆಂದು ಎಣಿಸಿದರೆ, ಹಗಲಿನಲ್ಲಿ ಹೋಗುವದಿಲ್ಲ. ದೀಪ ಹಚ್ಚಿದ ಮೇಲೆ ನೆರೆಯವರ ಕಣ್ಣಿಗೆ ಬೀಳದಂತೆ ಹೋಗುತ್ತಾನೆ. ಬಾಗಿಲ ತನಕ ಬಂದು, ತಟ್ಟುವದಕ್ಕೆ ಧೈರ್ಯ ಸಾಲದೆ ಹಿಂದಿರುಗುವದೂ ಉಂಟು. ನಿಕೊದೇಮನು ಕರ್ತನ ಬಳಿಗೆ ರಾತ್ರಿಕಾಲದಲ್ಲಿ ಬಂದನೆಂದು ಬಲ್ಲವರಾದ ನಮಗೆ ಇದು ಆಶ್ಚರ್ಯವಾದ ಸಂಗತಿಯಲ್ಲ. ಇಂಥ ನಾಚಿಕೆಯು ಬಡವರಿಗೂ ಓದು ತಿಳಿಯದವರಿಗೂ ಮಾತ್ರ ಉಂಟೆಂದು ನೆನಸಬಾರದು. ೧೭೮೫ನೆಯ ಇಸವಿಯ ದಶಂಬರ ತಿಂಗಳ ೭ನೆಯ ತಾರೀಖಿನಲ್ಲಿ, ಲಂಡನ್ ಪಟ್ಟಣದ ಹಾಕ್ಸ್‌ಟನ್ ಎಂಬ ಭಾಗದ ಚಾರ್ಲ್ಸ್ ಚೌಕದಲ್ಲಿ, ಇಪ್ಪತ್ತಾರು ವರುಷದ ಒಬ್ಬ ತರುಣನು ಒಂದು ಮನೆಯ ಮುಂದೆ ಬಂದು, ಬಾಗಿಲು ತಟ್ಟಲಾರದೆ ಆ ಚೌಕವನ್ನು ಸುತ್ತಿದನು. ಆತನು ದೊಡ್ಡ ಐಶ್ವರ್ಯವಂತನು, ಪಾರ್ಲಿಮೆಂಟಿನ ಸದಸ್ಯನು, ರಾಜ್ಯದ ಮುಖ್ಯಮಂತ್ರಿಗೆ ಪ್ರಾಣಸ್ನೇಹಿತನು. ಆತನ ಹೆಸರು ವಿಲ್ಲಿಯಮ್ ವಿಲ್ಬರ್‌ಫೋರ್ಸ್. ಒಳಗಿದ್ದವರು ಅರುವತ್ತು ವರುಷದ ಒಬ್ಬ ಸಭಾಪಾಲಕರು. ಅವರ ಹೆಸರು ಜಾನ್ ನ್ಯೂಟನ್. ಆ ಬಾಗಿಲು ತೆರೆದದರಿಂದ ಏನು ಉಂಟಾಯಿತೆಂಬದನ್ನು ಈ ಲೇಖನದಲ್ಲಿ ವಿವರಿಸುವೆವು.

೧. ತಂದೆಯಿಲ್ಲದ ಬಾಲಕನು

ವಿಲ್ಬರ್‌ಫೋರ್ಸನು ೧೭೫೯ನೆಯ ಇಸವಿಯ ಆಗಸ್ಟ್ ೨೪ರಲ್ಲಿ ಇಂಗ್ಲೆಂಡ್ ದೇಶದ ಹಲ್ ಎಂಬ ರೇವುಪಟ್ಟಣದಲ್ಲಿ ಒಬ್ಬ ವರ್ತಕನ ಮಗನಾಗಿ ಹುಟ್ಟಿದನು. ದೇಹದಲ್ಲಿ ಚಿಕ್ಕವನು, ಬಲಹೀನನು, ಕಣ್ಣುಗಳು ಮಂದ; ಆದಾಗ್ಯೂ ಆತನ ಸ್ವರವು ಕೇಳುವವರ ಮನಸ್ಸನ್ನು ಎಳೆಯುವಂಥದ್ದಾಗಿತ್ತು. ಆತನಿಗೆ ಎಂಟು ವರುಷವಾಗಿರುವಾಗ ತಂದೆಯು ತೀರಿಕೊಂಡನು. ತಾಯಿಯು ಮಗನನ್ನು ಲಂಡನಿನ ಸಮೀಪ ವಿಂಬಲ್ಡನ್ ಎಂಬಲ್ಲಿದ್ದ ಆತನ ದೊಡ್ಡಪ್ಪನ ಮನೆಗೆ ಕಳುಹಿಸಿದಳು. ಆ ದೊಡ್ಡಪ್ಪನಿಗೂ ಆತನ ಹೆಂಡತಿಯಾದ ಹನ್ನಾ ಎಂಬಾಕೆಗೂ ಮಕ್ಕಳಿರಲಿಲ್ಲ. ಅವರು ದೇವಭಕ್ತರು. ಆ ಮನೆಗೆ ಓಲ್ನಿ ಎಂಬ ಊರಿನ ಬೋಧಕರಾದ ನ್ಯೂಟನ್ ಅಯ್ಯನವರು ಬರುತ್ತಾ ಹೋಗುತ್ತಾ ಇದ್ದರು. ತಂದೆಯಿಲ್ಲದ ಬಾಲಕನು ಅವರ ಪ್ರಸಂಗಗಳನ್ನು ಕೇಳಿ, ಅವರ ಸಮುದ್ರಯಾನದ ಕಥೆಗಳಿಗೆ ಕಿವಿಗೊಟ್ಟು, ಹೆತ್ತ ತಂದೆಯನ್ನು ಸನ್ಮಾನಿಸುವಂತೆ ಅವರನ್ನು ಸನ್ಮಾನಿಸಿದನು.

ಆದರೆ ಇದು ಬಹುಕಾಲ ನಡೆಯಲಿಲ್ಲ. ಆ ಕಾಲದಲ್ಲಿ ಭಕ್ತಿಯಲ್ಲಿ ಉರಿಯುವವರನ್ನು ದೊಡ್ಡ ಮನೆತನದವರು ಮೆಥೊಡಿಸ್ಟರೆಂದು ಕರೆದು ತಿರಸ್ಕರಿಸುತ್ತಿದ್ದರು. ಮಗನು ಅಂಥವರ ಸಂಗಡ ಸೇರಿದನೆಂದು ಕೇಳಿ ತಾಯಿಯು ಭಯಪಟ್ಟಳು. ಅಂಥವನಿಗೆ ತನ್ನ ಆಸ್ತಿಯಲ್ಲಿ ಒಂದು ಕಾಸೂ ಸಿಕ್ಕದೆಂದು ಅಜ್ಜನು ಗದರಿಸಿದನು. ಆದದರಿಂದ ಆತನಿಗೆ ಸುಮಾರು ಹನ್ನೆರಡು ವರುಷವಾಗಿರುವಾಗ ತಾಯಿಯು ಲಂಡನಿಗೆ ಹೋಗಿ ಆತನನ್ನು ಹಲ್ ಪಟ್ಟಣಕ್ಕೆ ತಿರಿಗಿ ಕರತಂದಳು. ಹುಡುಗನು ದೊಡ್ಡಮ್ಮನಿಗೋಸ್ಕರ ಬಹಳವಾಗಿ ಅತ್ತನು. ಅಲ್ಲಿ ನಾಟಕ, ನೃತ್ಯ, ಇಸ್ಪೀಟಿನ ಆಟ, ಔತಣಗಳು ಇವುಗಳಿಂದ ಆತನ ಮನಸ್ಸನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸಿದರು. ಬಿತ್ತಿದ ಬೀಜದ ಮೇಲೆ ಮುಳ್ಳುಗಳು ಬೆಳೆದವು. ಆದರೆ ಬಿತ್ತಿದವರು ಆ ಹೊಲವನ್ನು ಮರೆಯಲಿಲ್ಲ. ಆ ಹುಡುಗನ ವಿಷಯದಲ್ಲಿ ನಿರೀಕ್ಷೆಯನ್ನು ಬಿಡದೆ ಕಾದುಕೊಂಡಿದ್ದರು.

೨. ಬಿತ್ತಿದವರು ಯಾರು?

ನ್ಯೂಟನ್ ಅಯ್ಯನವರು ಹುಟ್ಟಿನಿಂದ ಪರಿಶುದ್ಧರಾಗಿದ್ದವರೆಂದು ಯಾರೂ ನೆನಸದಿರಲಿ. ಅವರು ೧೭೨೫ರಲ್ಲಿ ಲಂಡನಿನಲ್ಲಿ ಒಬ್ಬ ಹಡಗಿನ ಕಪ್ತಾನನ ಮಗನಾಗಿ ಹುಟ್ಟಿದರು. ಏಳು ವರುಷ ತುಂಬುವದಕ್ಕೆ ಮೊದಲೇ ತಾಯಿಯು ತೀರಿಕೊಂಡಳು. ಹನ್ನೊಂದನೆಯ ವಯಸ್ಸಿನಲ್ಲಿ ಹಡಗು ಹತ್ತಿದ ಹುಡುಗನು ಬೆಳೆದು, ಬಾಯಿ ಬಿಟ್ಟರೆ ದೇವದೂಷಣೆಯನ್ನಾಡುವ ನಾವಿಕನಾದನು. ಯುದ್ಧದ ಹಡಗಿನಿಂದ ಓಡಿಹೋಗಿ ಸಿಕ್ಕಿಬಿದ್ದು ಚಡಿಯೇಟುಗಳನ್ನು ತಿಂದನು. ಬಳಿಕ ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ ಒಬ್ಬ ಗುಲಾಮವ್ಯಾಪಾರಿಯ ಕೈಕೆಳಗೆ ಸಿಕ್ಕಿ, ಜ್ವರದಲ್ಲಿಯೂ ಹಸಿವಿನಲ್ಲಿಯೂ ಬಿದ್ದು, ಗುಲಾಮರಿಗಿಂತ ಕಡೆಯಾದವನಾಗಿ ಜೀವಿಸಿದನು. ೧೭೪೮ರ ಮಾರ್ಚಿ ತಿಂಗಳಲ್ಲಿ ಸ್ವದೇಶಕ್ಕೆ ತಿರಿಗಿ ಬರುತ್ತಿರುವಾಗ ಭಯಂಕರವಾದ ಬಿರುಗಾಳಿಯು ಹಡಗನ್ನು ಒಡೆದು ನೀರು ತುಂಬಿಸಿತು. ಆ ರಾತ್ರಿ ನೀರನ್ನು ಎತ್ತಿ ಹಾಕುತ್ತಾ, ಸಾಯುವೆನೆಂದು ನಿಶ್ಚಯಿಸಿಕೊಂಡ ಆತನ ಬಾಯಿಂದ ಅನೇಕ ವರುಷಗಳ ನಂತರ ದೇವರ ಹೆಸರು ಪ್ರಾರ್ಥನೆಯಾಗಿ ಹೊರಟಿತು.

ಇಲ್ಲಿ ನಾವು ಒಂದು ಸಂಗತಿಯನ್ನು ಮುಚ್ಚಿಡಬಾರದು. ಆ ಬಿರುಗಾಳಿಯ ತರುವಾಯವೂ ಆತನು ಗುಲಾಮರ ವ್ಯಾಪಾರವನ್ನು ಬಿಡಲಿಲ್ಲ. ೧೭೫೦ರಿಂದ ೧೭೫೪ರ ವರೆಗೆ ಆತನೇ ಕಪ್ತಾನನಾಗಿ ಮೂರು ಸಾರಿ ಆಫ್ರಿಕಕ್ಕೆ ಹೋಗಿ, ಗಂಡಸರನ್ನೂ ಹೆಂಗಸರನ್ನೂ ಮಕ್ಕಳನ್ನೂ ಕೊಂಡುಕೊಂಡು, ಸಮುದ್ರದಾಚೆಯ ದ್ವೀಪಗಳಿಗೆ ಸಾಗಿಸಿ ಮಾರಿದನು. ಭಾನುವಾರದಲ್ಲಿ ಹಡಗಿನ ಮೇಲಂತಸ್ತಿನಲ್ಲಿ ನಾವಿಕರನ್ನು ಕೂಡಿಸಿ ದೇವಾರಾಧನೆಯನ್ನು ನಡಿಸುತ್ತಿದ್ದನು. ಕೆಳಗಿನ ಅಂತಸ್ತಿನಲ್ಲಿ ಮನುಷ್ಯರು ಸರಪಣಿಯಲ್ಲಿ ಬಿದ್ದಿದ್ದರು. ಎಲ್ಲರೂ ಮಾಡುವ ಪಾಪವು ಪಾಪವಾಗಿ ಕಾಣುವದಿಲ್ಲವೆಂಬದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೋ? ೧೭೫೪ರಲ್ಲಿ ಅಕಸ್ಮಾತ್ತಾಗಿ ಬಂದ ಒಂದು ಕಾಯಿಲೆಯಿಂದ ಆತನು ಸಮುದ್ರಯಾನವನ್ನು ಬಿಟ್ಟು, ಲಿವರ್‌ಪೂಲ್ ರೇವಿನಲ್ಲಿ ಸರಕಾರದ ಸುಂಕದ ಉದ್ಯೋಗಕ್ಕೆ ಸೇರಿದನು. ಅಲ್ಲಿ ಗ್ರೀಕ್ ಮತ್ತು ಇಬ್ರಿಯ ಭಾಷೆಗಳನ್ನು ತಾನೇ ಕಲಿತು, ೧೭೬೪ರಲ್ಲಿ ಬೋಧಕೋದ್ಯೋಗಕ್ಕೆ ನೇಮಿಸಲ್ಪಟ್ಟು ಓಲ್ನಿ ಎಂಬ ಬಡ ಊರಿನ ಸಭೆಗೆ ಬಂದನು.

ಆ ಊರಿನವರಲ್ಲಿ ಅನೇಕರು ಮನೆಯಲ್ಲಿ ಕುಳಿತು ನೂಲಿನ ಜಾಲರಿ ನೇಯ್ದು ಹೊಟ್ಟೆ ಹೊರೆಯುವವರು. ನ್ಯೂಟನ್ ಅಯ್ಯನವರು ಅವರ ಮನೆಮನೆಗೆ ಹೋದರು, ಅವರ ಮಕ್ಕಳಿಗೆ ಕಲಿಸಿದರು, ಅವರಿಗೋಸ್ಕರ ಕೀರ್ತನೆಗಳನ್ನು ಬರೆದರು. ಆ ಊರಿನಲ್ಲಿ ನೆಲಸಿದ್ದ ಕೌಪರ್ ಎಂಬ ಕವಿಯು ಮನೋವ್ಯಾಧಿಯಿಂದ ಬಳಲಿ ಪ್ರಾಣ ಕಳಕೊಳ್ಳಲು ಯತ್ನಿಸಿದಾಗ, ಅವರು ಆತನನ್ನು ೧೭೭೩ರಲ್ಲಿ ತಮ್ಮ ಮನೆಯಲ್ಲಿಯೇ ಇಟ್ಟುಕೊಂಡು ಒಂದು ವರುಷಕ್ಕಿಂತ ಹೆಚ್ಚು ಕಾಲ ಕಾದರು. ಕೌಪರನು ಪೂರ್ಣವಾಗಿ ಗುಣವಾಗಲಿಲ್ಲ. ಆದಾಗ್ಯೂ ಅಯ್ಯನವರ ಸ್ನೇಹವು ಕಡಿಮೆಯಾಗಲಿಲ್ಲ. ೧೭೮೦ರ ಸುಮಾರಿಗೆ ಅವರು ಲಂಡನಿನ ಸೇಂಟ್ ಮೇರಿ ವುಲ್‌ನಾತ್ ಎಂಬ ಸಭೆಯ ಪಾಲಕರಾಗಿ ಬಂದರು.

೩. ಲೋಕದ ಮಾನ

ಅಷ್ಟರಲ್ಲಿ ವಿಲ್ಬರ್‌ಫೋರ್ಸನು ಅಜ್ಜನ ಆಸ್ತಿಗೂ ದೊಡ್ಡಪ್ಪನ ಆಸ್ತಿಗೂ ಬಾಧ್ಯನಾಗಿ, ಕೇಂಬ್ರಿಜ್ ವಿದ್ಯಾಲಯದಲ್ಲಿ ಓದಿದ್ದಕ್ಕಿಂತ ಹೆಚ್ಚಾಗಿ ವಿನೋದದಲ್ಲಿ ಕಾಲ ಕಳೆದು, ೧೭೮೦ರಲ್ಲಿ ಇಪ್ಪತ್ತೊಂದನೆಯ ವಯಸ್ಸಿನಲ್ಲಿಯೇ ಹಲ್ ಪಟ್ಟಣದ ಪರವಾಗಿ ಪಾರ್ಲಿಮೆಂಟಿಗೆ ಆರಿಸಲ್ಪಟ್ಟನು. ಆತನ ಸ್ನೇಹಿತನಾದ ವಿಲ್ಲಿಯಮ್ ಪಿಟ್ಟನು ೧೭೮೩ರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮುಖ್ಯಮಂತ್ರಿಯಾದನು. ಮರುವರುಷ ವಿಲ್ಬರ್‌ಫೋರ್ಸನು ಯಾರ್ಕ್‌ಷೈರ್ ಎಂಬ ದೊಡ್ಡ ಸೀಮೆಯ ಪ್ರತಿನಿಧಿಯಾದನು. ಆತನ ವಾಕ್ಚಾತುರ್ಯವನ್ನು ಮೆಚ್ಚದವರಿರಲಿಲ್ಲ. ಆತನ ಹಾಡನ್ನು ಕೇಳಲಿಕ್ಕೆ ದೊಡ್ಡವರ ಮನೆಗಳಲ್ಲಿ ಕಾದಿರುತ್ತಿದ್ದರು.

೧೭೮೪ರಲ್ಲಿ ಆತನು ತಾಯಿಯನ್ನೂ ತಂಗಿಯನ್ನೂ ಕರಕೊಂಡು ಫ್ರಾನ್ಸ್ ದೇಶದ ಕಡೆಗೆ ಪ್ರಯಾಣ ಹೊರಟನು. ಜೊತೆಗೆ ಐಸಾಕ್ ಮಿಲ್ನರ್ ಎಂಬ ವಿದ್ವಾಂಸನಿದ್ದನು. ದಾರಿಯಲ್ಲಿ ಅವರಿಬ್ಬರೂ ಡಾಡ್ರಿಜ್ ಎಂಬ ಬೋಧಕನ ಒಂದು ಭಕ್ತಿಗ್ರಂಥವನ್ನು ಓದಿದರು. ಮರುವರುಷದ ಪ್ರಯಾಣದಲ್ಲಿ ಹೊಸ ಒಡಂಬಡಿಕೆಯನ್ನು ಗ್ರೀಕ್ ಭಾಷೆಯಲ್ಲಿಯೇ ಪರೀಕ್ಷಿಸಿದರು. ಬುದ್ಧಿಯು ಒಪ್ಪಿದ ಸತ್ಯವು ಮೆಲ್ಲಮೆಲ್ಲನೆ ಮನಸ್ಸಾಕ್ಷಿಯನ್ನು ಚುಚ್ಚಲಾರಂಭಿಸಿತು. ತಾನು ಇಷ್ಟು ವರುಷ ಯಾರಿಗೋಸ್ಕರ ಬದುಕಿದೆನು, ದೇವರು ಕೊಟ್ಟ ತಲಾಂತುಗಳನ್ನು ಏನು ಮಾಡಿದೆನು ಎಂಬ ಪ್ರಶ್ನೆಗಳು ಆತನನ್ನು ಬಿಡಲಿಲ್ಲ. ೧೭೮೫ರ ಚಳಿಗಾಲದಲ್ಲಿ ಆತನು ನಿದ್ದೆಯನ್ನೂ ಸಂತೋಷವನ್ನೂ ಕಳಕೊಂಡನು. ದೇವರನ್ನು ಸೇವಿಸಬೇಕಾದರೆ ರಾಜ್ಯಕಾರ್ಯವನ್ನೂ ಸ್ನೇಹಿತರನ್ನೂ ಬಿಟ್ಟು ಏಕಾಂತಕ್ಕೆ ಹೋಗಬೇಕೆಂದು ಆತನಿಗೆ ತೋಚಿತು. ಯಾರನ್ನು ಕೇಳುವದು? ಆಗ ಆತನಿಗೆ ಬಾಲ್ಯದಲ್ಲಿ ಕಂಡ ಆ ಮುದುಕರ ನೆನಪಾಯಿತು.

೪. ಚೌಕದ ಬಾಗಿಲು

ಆತನು ಒಂದು ಪತ್ರವನ್ನು ಬರೆದು, ತಾನು ಗುಟ್ಟಾಗಿ ಬಂದು ಮಾತಾಡಬೇಕೆಂದೂ ಈ ಸಂಗತಿಯನ್ನು ಯಾರಿಗೂ ತಿಳಿಸಬಾರದೆಂದೂ ಬೇಡಿಕೊಂಡನು. ಯಾಕಂದರೆ ಪಾರ್ಲಿಮೆಂಟಿನ ಸದಸ್ಯನ ಮುಖವು ಅನೇಕರಿಗೆ ಗುರುತು. ಆತನು ಮತಭ್ರಾಂತನಾದನೆಂಬ ಸುದ್ದಿ ಹಬ್ಬಿದರೆ ಆತನ ಮಾನವು ಹೋದೀತು. ನೇಮಿಸಿದ ದಿನದಲ್ಲಿ ಬಂದಾಗ್ಯೂ, ಮೊದಲು ನಾವು ಹೇಳಿದಂತೆ, ಚೌಕವನ್ನು ಸುತ್ತಿದ ಮೇಲೆಯೇ ಬಾಗಿಲು ತಟ್ಟಿದನು.

ಪ್ರಿಯರೇ, ಆ ಗಳಿಗೆಯಲ್ಲಿ ಅಯ್ಯನವರ ಕೈಯಲ್ಲಿ ಏನಿತ್ತೆಂದು ಯೋಚಿಸಿರಿ. ಇಂಥ ಐಶ್ವರ್ಯವಂತನು ತಮ್ಮ ಸಭೆಗೆ ಸೇರಿದರೆ ಆ ಸಭೆಗೆ ದೊಡ್ಡ ಹೆಸರು ಬರುತ್ತಿತ್ತು. ಲೋಕವನ್ನು ಬಿಟ್ಟು ಬಂದ ಒಬ್ಬ ಪ್ರಸಿದ್ಧನನ್ನು ಎಲ್ಲರಿಗೂ ತೋರಿಸಬಹುದಾಗಿತ್ತು. ಆ ತರುಣನೂ ಬಿಡು ಎಂದರೆ ಬಿಡುವದಕ್ಕೆ ಸಿದ್ಧನಾಗಿಯೇ ಬಂದಿದ್ದನು. ನ್ಯೂಟನ್ ಅಯ್ಯನವರು ಹಾಗೆ ಹೇಳಲಿಲ್ಲ. ಬಾಲ್ಯದಿಂದಲೂ ಆತನ ವಿಷಯದಲ್ಲಿ ತಾವು ನಿರೀಕ್ಷೆಯನ್ನು ಬಿಟ್ಟಿರಲಿಲ್ಲವೆಂದು ತಿಳಿಸಿ ಆತನನ್ನು ಸಂತೈಸಿದರು. ಹೊಸ ಸಂಬಂಧಗಳನ್ನು ಅವಸರದಿಂದ ಮಾಡಿಕೊಳ್ಳಬಾರದೆಂದೂ, ಹಳೆಯ ಸ್ನೇಹಿತರಿಂದ ದೂರವಾಗಬಾರದೆಂದೂ, ದೇವರು ಇಟ್ಟ ಸ್ಥಾನದಲ್ಲಿಯೇ ಇದ್ದು ಸಭೆಗೂ ದೇಶಕ್ಕೂ ಪ್ರಯೋಜನವಾಗಬೇಕೆಂದೂ ಬುದ್ಧಿ ಹೇಳಿದರು. ಆ ದಿನ ಆತನು ಮನಸ್ಸು ಹಗುರವಾದವನಾಗಿ ಹೊರಗೆ ಬಂದನು. ಆತನ ಸ್ನೇಹಿತನಾದ ಪಿಟ್ಟನೂ, ಭಕ್ತಿಯ ವಿಷಯದಲ್ಲಿ ಭಿನ್ನವಾದ ಮನಸ್ಸುಳ್ಳವನಾದಾಗ್ಯೂ, ರಾಜ್ಯಕಾರ್ಯವನ್ನು ಬಿಡಬೇಡವೆಂದೇ ಕೇಳಿಕೊಂಡನು.

ಮಾನಸಾಂತರಪಟ್ಟವನನ್ನು ಅವನ ಹೊಲದಿಂದಲೂ ಕಸಬಿನಿಂದಲೂ ಬಿಡಿಸಿ ಹತ್ತಿರ ಕೂಡ್ರಿಸಿಕೊಳ್ಳುವದು ಬೋಧಕನಿಗೆ ಸುಲಭ. ಅವನನ್ನು ಅದೇ ಹೊಲಕ್ಕೆ ಹೊಸ ಮನುಷ್ಯನನ್ನಾಗಿ ತಿರಿಗಿ ಕಳುಹಿಸಿ, ಅವನ ಹಿಂದೆ ಪ್ರಾರ್ಥನೆಯಿಂದ ನಿಲ್ಲುವದು ಕಷ್ಟ. ನ್ಯೂಟನ್ ಅಯ್ಯನವರು ಕಷ್ಟವಾದದ್ದನ್ನು ಆರಿಸಿಕೊಂಡರು.

೫. ದೊಡ್ಡ ಹೋರಾಟವು

ಆ ಕಾಲದ ಗುಲಾಮರ ವ್ಯಾಪಾರವು ಎಷ್ಟು ದೊಡ್ಡದೆಂಬದನ್ನು ನಮ್ಮ ವಾಚಕರು ತಿಳಿದಿರಬೇಕು. ಸುಮಾರು ಮೂರೂವರೆ ಶತಮಾನಗಳಲ್ಲಿ ಐರೋಪ್ಯರ ಮತ್ತು ಅಮೆರಿಕದವರ ಹಡಗುಗಳು ಆಫ್ರಿಕದಿಂದ ಹೊತ್ತು ಹೊರಟ ಜನರ ಸಂಖ್ಯೆಯು ಸುಮಾರು ೧ ಕೋಟಿ ೨೫ ಲಕ್ಷವೆಂದು ಈಗಿನ ಚರಿತ್ರೆಗಾರರು ಲೆಕ್ಕ ಹಾಕಿದ್ದಾರೆ. ಇವರಲ್ಲಿ ೩೦ ಲಕ್ಷಕ್ಕೆ ಮೇಲ್ಪಟ್ಟವರನ್ನು ಬ್ರಿಟಿಷರ ಹಡಗುಗಳೇ ಸಾಗಿಸಿದವು. ದಾರಿಯಲ್ಲಿಯೇ ಸತ್ತು ಸಮುದ್ರಕ್ಕೆ ಎಸೆಯಲ್ಪಟ್ಟವರು ಲಕ್ಷಾಂತರ ಮಂದಿ. ಉಳಿದವರು ಕಬ್ಬಿನ ತೋಟಗಳಲ್ಲಿ ಕೊರಡೆಯ ಏಟಿನ ಕೆಳಗೆ ದುಡಿದರು. ಆ ಸಕ್ಕರೆಯಿಂದ ಇಂಗ್ಲೆಂಡಿನ ಪಟ್ಟಣಗಳು ಕೊಬ್ಬಿದವು. ಅನೇಕ ಸದಸ್ಯರಿಗೂ ಕೆಲವು ಸಭೆಗಳವರಿಗೂ ಅದರಲ್ಲಿ ಪಾಲಿತ್ತು.

೧೭೮೭ರಲ್ಲಿ ಲಂಡನಿನಲ್ಲಿ ಹನ್ನೆರಡು ಮಂದಿಯ ಒಂದು ಸಂಘವು ಈ ವ್ಯಾಪಾರವನ್ನು ನಿಲ್ಲಿಸುವದಕ್ಕಾಗಿ ಕೂಡಿತು. ಅವರಲ್ಲಿ ಒಂಬತ್ತು ಮಂದಿ ಕ್ವೇಕರರು. ಗ್ರಾನ್‌ವಿಲ್ ಷಾರ್ಪನೂ ತಾಮಸ್ ಕ್ಲಾರ್ಕ್‌ಸನನೂ ಅವರ ಜೊತೆಯಲ್ಲಿದ್ದರು. ಕ್ಲಾರ್ಕ್‌ಸನನು ಕುದುರೆಯ ಮೇಲೆ ರೇವಿನಿಂದ ರೇವಿಗೆ ಅಲೆದು, ನಾವಿಕರನ್ನು ವಿಚಾರಿಸಿ ಸಾಕ್ಷಿಗಳನ್ನು ಕೂಡಿಸಿದನು. ಗುಲಾಮನಾಗಿದ್ದು ಬಿಡುಗಡೆಯಾಗಿದ್ದ ಇಕ್ವಿಯಾನೊ ಎಂಬವನು ೧೭೮೯ರಲ್ಲಿ ತನ್ನ ಜೀವನಚರಿತ್ರೆಯನ್ನು ತಾನೇ ಬರೆದು ಪ್ರಕಟಿಸಿದನು. ಪಾರ್ಲಿಮೆಂಟಿನಲ್ಲಿ ಈ ಕಾರ್ಯವನ್ನು ಎತ್ತುವ ಭಾರವು ವಿಲ್ಬರ್‌ಫೋರ್ಸನ ಹೆಗಲಿನ ಮೇಲೆ ಬಿತ್ತು. ೧೭೮೭ರಲ್ಲಿಯೇ ಪಿಟ್ಟನು ತನ್ನ ಮನೆಯ ಹತ್ತಿರ ಒಂದು ಮರದ ಕೆಳಗೆ ಕುಳಿತು ಮಾತಾಡುವಾಗ ಆತನನ್ನು ಇದಕ್ಕೆ ಪ್ರೇರಿಸಿದ್ದನು. ನ್ಯೂಟನ್ ಅಯ್ಯನವರ ಮಾತನ್ನು ಕೇಳಿ ಸಭಾಸ್ಥಾನವನ್ನು ಬಿಡದೆ ಉಳಿದದರಿಂದಲೇ ಆತನು ಆ ಮರದ ಕೆಳಗೆ ಕುಳಿತಿರಲಿಕ್ಕೆ ಸಾಧ್ಯವಾಯಿತು.

೧೭೮೯ರ ಮೇ ೧೨ರಲ್ಲಿ ಆತನು ಮೂರು ತಾಸಿಗಿಂತ ಹೆಚ್ಚು ಹೊತ್ತು ಮಾತಾಡಿ ಈ ಅನ್ಯಾಯವನ್ನು ಬೈಲಿಗೆಳೆದನು. ಆದರೆ ೧೭೯೧ರಲ್ಲಿ ಮತ ಎಣಿಸಿದಾಗ ಆತನ ಕಡೆಗೆ ೮೮, ವಿರೋಧಕ್ಕೆ ೧೬೩. ಮರುವರುಷ ನಿಧಾನವಾಗಿ ನಿಲ್ಲಿಸಬಹುದೆಂಬ ಒಂದು ಮಾತನ್ನು ಸೇರಿಸಿ ಸಭೆಯು ಒಪ್ಪಿತು. ಆ ನಿಧಾನವೆಂಬ ಮಾತೇ ಕಾರ್ಯವನ್ನು ಕೊಂದಿತು. ಬಳಿಕ ಫ್ರಾನ್ಸಿನ ಸಂಗಡ ಯುದ್ಧ ಹುಟ್ಟಿ, ಬದಲಾವಣೆಯ ಮಾತನ್ನಾಡುವವರೆಲ್ಲರೂ ರಾಜದ್ರೋಹಿಗಳಂತೆ ಕಾಣಲ್ಪಟ್ಟರು. ೧೭೯೬ರಲ್ಲಿ ೭೦ಕ್ಕೆ ವಿರೋಧವಾಗಿ ೭೪, ನಾಲ್ಕೇ ಮತಗಳಿಂದ ಆತನು ಸೋತನು. ಆ ರಾತ್ರಿ ಆತನ ಪಕ್ಷದವರಲ್ಲಿ ಕೆಲವರು ಸಂಗೀತನಾಟಕ ನೋಡಲಿಕ್ಕೆ ಹೋಗಿದ್ದರು. ಶತ್ರುಗಳ ವಿರೋಧಕ್ಕಿಂತ ಸ್ನೇಹಿತರ ಉದಾಸೀನತೆಯು ಆತನ ಹೃದಯವನ್ನು ಹೆಚ್ಚಾಗಿ ಮುರಿಯಿತು.

೬. ಶಿಷ್ಯನು ಗುರುವಿಗೂ ಗುರುವು ಶಿಷ್ಯನಿಗೂ ಸಹಾಯವಾದದ್ದು

ನ್ಯೂಟನ್ ಅಯ್ಯನವರು ಗುಲಾಮರ ಹಡಗನ್ನು ಬಿಟ್ಟು ಮೂವತ್ತನಾಲ್ಕು ವರುಷಗಳಾಗಿದ್ದವು. ಅಷ್ಟು ಕಾಲ ಅವರು ಆ ವ್ಯಾಪಾರಕ್ಕೆ ವಿರೋಧವಾಗಿ ಬಹಿರಂಗವಾಗಿ ಮಾತಾಡಿರಲಿಲ್ಲ. ಶಿಷ್ಯನು ಈ ಕಾರ್ಯಕ್ಕೆ ಕೈ ಹಾಕಿದ ಕಾಲದಲ್ಲಿಯೇ ಗುರುವಿನ ಬಾಯಿ ತೆರೆಯಿತು. ೧೭೮೮ರಲ್ಲಿ ಅವರು ಒಂದು ಚಿಕ್ಕ ಪುಸ್ತಕವನ್ನು ಬರೆದು ಅಚ್ಚು ಹಾಕಿಸಿದರು. ತಮ್ಮ ಒಪ್ಪಿಗೆಯು ಬಹು ತಡವಾಗಿ ಬಂದಿತೆಂದೂ, ತಾವು ಈ ಕಾರ್ಯದಲ್ಲಿ ಭಾಗಿಯಾಗಿದ್ದದ್ದನ್ನು ನೆನಸಿದರೆ ಮನಸ್ಸು ನಡುಗುವದೆಂದೂ ಅವರು ಅದರಲ್ಲಿ ಮರೆಮಾಡದೆ ತಿಳಿಸಿದರು. ಹಡಗಿನಲ್ಲಿ ಮನುಷ್ಯರನ್ನು ಹೊರಳಲಿಕ್ಕೂ ಸ್ಥಳವಿಲ್ಲದಂತೆ ಸಾಲುಸಾಲಾಗಿ ಮಲಗಿಸುವದನ್ನೂ, ಹೆಂಗಸರಿಗೆ ಆಗುವ ಅವಮಾನವನ್ನೂ, ಬೆಳಿಗ್ಗೆ ಸತ್ತವನೂ ಬದುಕಿದವನೂ ಒಂದೇ ಸರಪಣಿಯಲ್ಲಿ ಸಿಕ್ಕಿರುವದನ್ನೂ ಕಂಡ ಹಾಗೆಯೇ ಬರೆದರು. ಬಳಿಕ ರಾಜನ ಮಂತ್ರಾಲೋಚನಾ ಸಭೆಯ ಮುಂದೆಯೂ, ೧೭೯೦ರಲ್ಲಿ ಪಾರ್ಲಿಮೆಂಟಿನ ವಿಚಾರಣಾ ಸಮಿತಿಯ ಮುಂದೆಯೂ ನಿಂತು ಸಾಕ್ಷಿ ಹೇಳಿದರು. ಸಾಕ್ಷಿಗಳಲ್ಲಿ ಬಹುಮಂದಿ ಇತರರು ಮಾಡಿದ್ದನ್ನು ಹೇಳಿದರು. ಈ ಮುದುಕರು ತಾವೇ ಮಾಡಿದ್ದನ್ನು ಹೇಳಿದರು. ಮಂದೆಯ ಮುಂದೆ ತನ್ನ ತಪ್ಪನ್ನು ಒಪ್ಪಿಕೊಂಡ ಪಾಲಕನ ಮಾತಿಗೆ ಎಷ್ಟು ಬಲವುಂಟೆಂಬದು ಆಗ ಕಾಣಬಂದಿತು.

ಇತ್ತ ೧೭೯೬ರ ಸೋಲಿನ ತರುವಾಯ ವಿಲ್ಬರ್‌ಫೋರ್ಸನು ಜ್ವರದಿಂದಲೂ ದುಃಖದಿಂದಲೂ ಬಳಲಿ, ರಾಜ್ಯಕಾರ್ಯವನ್ನು ಪೂರ್ತಿಯಾಗಿ ಬಿಟ್ಟುಬಿಡುವೆನೋ ಎಂದು ಆಲೋಚಿಸಿದನು. ಹತ್ತು ವರುಷಗಳ ಹಿಂದಿನ ಪ್ರಶ್ನೆಯೇ ತಿರಿಗಿ ಬಂದಿತು. ಆತನು ಹೋದದ್ದು ತಿರಿಗಿ ಅದೇ ಸಭಾಪಾಲಕರ ಬಳಿಗೆ. ಆಗ ನ್ಯೂಟನ್ ಅಯ್ಯನವರಿಗೆ ಎಪ್ಪತ್ತೊಂದು ವರುಷ. ಹೆಂಡತಿಯು ತೀರಿಕೊಂಡು ಆರು ವರುಷವಾಗಿತ್ತು. ಕಣ್ಣು ಮಂಜಾಗುತ್ತಾ ಇತ್ತು. ಅವರು ಆತನಿಗೆ ಒಂದು ಪತ್ರವನ್ನು ಬರೆದು, ದಾನಿಯೇಲನ ದೃಷ್ಟಾಂತವನ್ನು ಮುಂದಿಟ್ಟರು. ದಾನಿಯೇಲನು ಅನ್ಯರಾಜನ ಅರಮನೆಯಲ್ಲಿ, ಶತ್ರುಗಳ ನಡುವೆ, ರಾಜ್ಯದ ಭಾರವನ್ನು ಹೊತ್ತವನಾಗಿಯೇ ದೇವರಿಗೆ ನಂಬಿಗಸ್ತನಾಗಿದ್ದನು. ಅವನು ಸೇವಿಸಿದ ದೇವರು ಅವನನ್ನು ಕೈಬಿಡಲಿಲ್ಲ. ಆ ದೇವರೇ ನಿನ್ನ ಸಂಗಡಲೂ ಇದ್ದಾನೆಂಬದೇ ಆ ಪತ್ರದ ಸಾರಾಂಶ. ವಿಲ್ಬರ್‌ಫೋರ್ಸನು ತನ್ನ ಸ್ಥಾನವನ್ನು ಬಿಡಲಿಲ್ಲ. ಮರುವರುಷ, ೧೭೯೭ರಲ್ಲಿ, ಆತನು ನಿಜವಾದ ಕ್ರೈಸ್ತಧರ್ಮವೂ ಹೆಸರಿನ ಕ್ರೈಸ್ತಧರ್ಮವೂ ಹೇಗೆ ಭೇದವಾದವುಗಳೆಂದು ತೋರಿಸುವ ಒಂದು ಗ್ರಂಥವನ್ನು ಪ್ರಕಟಿಸಿದನು. ಅದೇ ವರುಷ ಬಾರ್ಬರಾ ಎಂಬಾಕೆಯನ್ನು ಮದುವೆಯಾದನು. ಹನ್ನೆರಡು ವರುಷಗಳ ಹಿಂದೆ ಗುಟ್ಟಾಗಿ ಬಾಗಿಲು ತಟ್ಟಿದವನು ಈಗ ತನ್ನ ನಂಬಿಕೆಯನ್ನು ದೇಶವೆಲ್ಲಾ ಓದುವಂತೆ ಅಚ್ಚು ಹಾಕಿಸಿದನು.

೭. ಒಂದೇ ವರುಷದಲ್ಲಿ ಜಯವೂ ಅಗಲಿಕೆಯೂ

ಬಹು ಸೋಲುಗಳ ಬಳಿಕ ೧೮೦೭ನೆಯ ಇಸವಿಯ ಫೆಬ್ರವರಿ ೨೩ರ ರಾತ್ರಿ ಕಾಮನ್ಸ್ ಸಭೆಯಲ್ಲಿ ಮತ ಎಣಿಸಲ್ಪಟ್ಟಿತು. ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂದವರು ೨೮೩, ಬೇಡವೆಂದವರು ೧೬ ಮಾತ್ರ. ಸದಸ್ಯರು ಆತನನ್ನು ಹೊಗಳಿ ಕೂಗಿದಾಗ ಆ ಚಿಕ್ಕ ಮನುಷ್ಯನು ತಲೆ ತಗ್ಗಿಸಿ ಕುಳಿತು ಕಣ್ಣೀರು ಸುರಿಸಿದನು. ಮಾರ್ಚಿ ೨೫ರಲ್ಲಿ ರಾಜನ ಒಪ್ಪಿಗೆಯಿಂದ ಅದು ಕಾನೂನಾಯಿತು.

ನ್ಯೂಟನ್ ಅಯ್ಯನವರು ಆ ಕಾನೂನನ್ನು ಕಾಣುವ ತನಕ ಬದುಕಿದರು. ಕಣ್ಣು ಕಾಣದೆ, ಕಿವಿ ಕೇಳದೆ, ಜ್ಞಾಪಕಶಕ್ತಿಯು ತಪ್ಪಿದಾಗ್ಯೂ ಅವರು ೧೮೦೬ರ ವರೆಗೆ ಪ್ರಸಂಗಪೀಠವನ್ನು ಹತ್ತುತ್ತಿದ್ದರು. ೧೮೦೭ರ ದಶಂಬರ ೨೧ರಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ, ಕರ್ತನಲ್ಲಿ ನಿದ್ರೆ ಹೋದರು. ತಮ್ಮ ಸಮಾಧಿಯ ಕಲ್ಲಿನ ಮೇಲೆ ಕೆತ್ತಬೇಕಾದ ಮಾತನ್ನು ತಾವೇ ಬರೆದಿಟ್ಟಿದ್ದರು. ಅದರಲ್ಲಿ ತಮ್ಮ ಹಳೆಯ ಜೀವನವನ್ನು ಅಡಗಿಸದೆ, ತಮ್ಮನ್ನು ಬದಲಾಯಿಸಿದ ಕೃಪೆಯನ್ನು ಮಾತ್ರ ಹೊಗಳಿದ್ದರು. ಹೀಗೆ ಗುರುವಿನ ಪಾಪವನ್ನು ತಡೆಯುವ ಕಾನೂನು ಶಿಷ್ಯನ ಕೈಯಿಂದ ಬಂದ ಒಂಬತ್ತು ತಿಂಗಳಿಗೆ, ಆ ಗುರುವು ಸಮಾಧಾನದಿಂದ ಹೊರಟುಹೋದರು.

೮. ನಮ್ಮ ದೇಶಕ್ಕೆ ತೆರೆದ ಬಾಗಿಲು

ಈ ಚರಿತ್ರೆಯು ನಮಗೆ ಸಂಬಂಧವಿಲ್ಲದ ದೂರದೇಶದ ಕಥೆಯಲ್ಲ. ಆ ದಿನಗಳಲ್ಲಿ ಈಸ್ಟ್ ಇಂಡಿಯ ಕಂಪೆನಿಯವರು ತಮ್ಮ ವ್ಯಾಪಾರಕ್ಕೆ ಹಾನಿಯಾದೀತೆಂದು ಮಿಶನರಿಗಳನ್ನು ಹಿಂದೂದೇಶದೊಳಗೆ ಸೇರಿಸಲು ಇಷ್ಟಪಡುತ್ತಿರಲಿಲ್ಲ. ೧೭೯೩ರಲ್ಲಿ ವಿಲ್ಬರ್‌ಫೋರ್ಸನು ಈ ತಡೆಯನ್ನು ತೆಗೆಯಲು ಯತ್ನಿಸಿ ಸೋತನು. ಅಷ್ಟರಲ್ಲಿ ನ್ಯೂಟನ್ ಅಯ್ಯನವರ ಇನ್ನೊಬ್ಬ ಶಿಷ್ಯನು ಸಿದ್ಧವಾಗುತ್ತಿದ್ದನು. ಕ್ಲಾಡಿಯಸ್ ಬುಕಾನನ್ ಎಂಬ ಬಡ ತರುಣನು ಲಂಡನಿನಲ್ಲಿ ದಿಕ್ಕಿಲ್ಲದವನಾಗಿದ್ದಾಗ ಅಯ್ಯನವರ ಪರಿಚಯವಾಗಿ, ಅವರ ಮೂಲಕ ಹೆನ್ರಿ ಥಾರ್ನ್‌ಟನ್ ಎಂಬ ಧನವಂತನ ಸಹಾಯವನ್ನು ಪಡೆದು, ಕೇಂಬ್ರಿಜಿನಲ್ಲಿ ಓದಿ, ಕಲ್ಕತ್ತೆಗೆ ಚಾಪ್ಲೇನನಾಗಿ ಬಂದನು. ೧೮೦೬ರಲ್ಲಿ ಆತನು ದಕ್ಷಿಣಕ್ಕೆ ಪ್ರಯಾಣಮಾಡಿ ತಿರುವಾಂಕೂರಿನ ಸುರಿಯಾನಿ ಕ್ರೈಸ್ತರನ್ನು ಕಂಡನು. ಆತನು ೧೮೧೧ರಲ್ಲಿ ಪ್ರಕಟಿಸಿದ ಗ್ರಂಥವು ಇಂಗ್ಲೆಂಡಿನ ಜನರ ಮನಸ್ಸನ್ನು ಎಬ್ಬಿಸಿತು. ೧೮೧೩ರಲ್ಲಿ ಕಂಪೆನಿಯ ಸನ್ನದು ನವೀಕರಿಸಲ್ಪಡುವಾಗ ನೂರಾರು ಊರುಗಳಿಂದ ಮನವಿಗಳು ಬಂದವು. ವಿಲ್ಬರ್‌ಫೋರ್ಸನು ದೀರ್ಘವಾಗಿ ವಾದಿಸಿದನು. ಮಿಶನರಿಗಳು ಅಪ್ಪಣೆ ಪಡೆದು ಬರಲಿಕ್ಕೆ ದಾರಿಯಾಯಿತು. ಇದಕ್ಕೆ ಮುಂಚೆಯೇ, ೧೮೧೦ರಲ್ಲಿ, ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಅಯ್ಯನವರು ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ಭಾಷಾಂತರಿಸುವದಕ್ಕೆ ತೊಡಗಿದ್ದರು. ೧೮೩೩ರಲ್ಲಿ ಸನ್ನದು ತಿರಿಗಿ ನವೀಕರಿಸಲ್ಪಟ್ಟಾಗ ಬಾಗಿಲು ಮತ್ತಷ್ಟು ಅಗಲವಾಗಿ ತೆರೆಯಿತು. ಮರುವರುಷ, ೧೮೩೪ರಲ್ಲಿ, ಬಾಸೆಲ್ ಮಿಶನಿನ ಮೊದಲನೆಯ ಮೂವರು ಸೇವಕರು ಮಂಗಳೂರಿಗೆ ಬಂದರು.

ವಿಲ್ಬರ್‌ಫೋರ್ಸನಲ್ಲಿ ಕುಂದುಗಳಿರಲಿಲ್ಲವೆಂದು ನಾವು ಹೇಳುವದಿಲ್ಲ. ಆತನು ಈ ದೇಶವನ್ನು ಕಣ್ಣಿನಿಂದ ಕಾಣದೆ ಇಲ್ಲಿಯ ಜನರ ವಿಷಯದಲ್ಲಿ ಕಠಿಣವಾಗಿ ಮಾತಾಡಿದನು. ಸ್ವದೇಶದ ಕೂಲಿಗಾರರು ಕೂಡಿ ತಮ್ಮ ಕಷ್ಟವನ್ನು ಹೇಳಿಕೊಳ್ಳುವದನ್ನು ತಡೆಯುವ ಕಾನೂನುಗಳಿಗೆ ಕೈ ಎತ್ತಿದನು. ದೂರದ ಸಂಕೋಲೆಯನ್ನು ಕಂಡ ಕಣ್ಣಿಗೆ ಹತ್ತಿರದ ಹಸಿವು ಎಲ್ಲಾ ಸಮಯದಲ್ಲಿಯೂ ಕಾಣಲಿಲ್ಲ. ದೇವರು ಉಪಯೋಗಿಸಿದ ಪಾತ್ರೆಗಳೆಲ್ಲಾ ಮಣ್ಣಿನ ಪಾತ್ರೆಗಳೇ.

೯. ಕಡೆಯ ದಿನಗಳು

ವ್ಯಾಪಾರವು ನಿಂತಾಗ್ಯೂ ದಾಸತ್ವವು ನಿಲ್ಲಲಿಲ್ಲ. ತೋಟಗಳಲ್ಲಿದ್ದವರು ಗುಲಾಮರಾಗಿಯೇ ಉಳಿದರು. ವಯಸ್ಸಾದ ವಿಲ್ಬರ್‌ಫೋರ್ಸನು ತಾನೇ ಎಲ್ಲವನ್ನು ಮುಗಿಸಬೇಕೆಂದು ಹಟ ಹಿಡಿಯದೆ, ೧೮೨೧ರಲ್ಲಿ ತಾಮಸ್ ಬಕ್ಸ್‌ಟನ್ ಎಂಬ ಕಿರಿಯ ಸದಸ್ಯನನ್ನು ಆರಿಸಿ, ಈ ಭಾರವನ್ನು ಹೊರಬೇಕೆಂದು ಕೇಳಿಕೊಂಡನು. ತಾನು ಗುರುವಿನಿಂದ ಹೊಂದಿದ ಉಪಕಾರವನ್ನು ಕಿರಿಯನಿಗೆ ಮಾಡಿ ತನ್ನ ಕೃತಜ್ಞತೆಯನ್ನು ತೋರಿಸಿದನು. ೧೮೨೫ರಲ್ಲಿ ಪಾರ್ಲಿಮೆಂಟನ್ನು ಬಿಟ್ಟನು. ಹಿರಿಯ ಮಗನ ವ್ಯವಹಾರವು ಕೆಟ್ಟು ಆಸ್ತಿಯ ಬಹುಭಾಗವು ಹೋಯಿತು. ದೊಡ್ಡ ಮನೆಯಲ್ಲಿ ಹುಟ್ಟಿದವನು ಮುಪ್ಪಿನಲ್ಲಿ ಸ್ವಂತ ಮನೆಯಿಲ್ಲದೆ, ಬೋಧಕರಾಗಿದ್ದ ಮಕ್ಕಳ ಮನೆಗಳಲ್ಲಿ ವಾಸಿಸಿದನು.

ಗುಲಾಮರು ತಾವೂ ಸುಮ್ಮನಿರಲಿಲ್ಲ. ೧೮೩೧ರ ಅಂತ್ಯದಲ್ಲಿ ಜಮೈಕ ದ್ವೀಪದಲ್ಲಿ ಸಾಮ್ಯುವೆಲ್ ಷಾರ್ಪ್ ಎಂಬ ಗುಲಾಮನು, ಬ್ಯಾಪ್ಟಿಸ್ಟ್ ಸಭೆಯ ಒಬ್ಬ ಹಿರಿಯನು, ತನ್ನವರನ್ನು ಕೂಡಿಸಿ ಕೂಲಿಯಿಲ್ಲದೆ ಇನ್ನು ದುಡಿಯಲಾರೆವೆಂದು ನಿಲ್ಲಿಸಿದನು. ಅದು ದಂಗೆಯಾಗಿ ಬೆಳೆದು, ಸರಕಾರದವರು ಬಹುಮಂದಿಯನ್ನು ಕೊಂದು, ೧೮೩೨ರಲ್ಲಿ ಆತನನ್ನೂ ಗಲ್ಲಿಗೇರಿಸಿದರು. ಆ ರಕ್ತದ ಕೂಗು ಇಂಗ್ಲೆಂಡಿಗೆ ಮುಟ್ಟಿತು. ೧೮೩೩ರ ಜುಲೈ ೨೬ರಲ್ಲಿ, ದಾಸತ್ವವನ್ನು ತೆಗೆದುಹಾಕುವ ಮಸೂದೆಯು ಪಾರಾಗುವದು ನಿಶ್ಚಯವೆಂಬ ವರ್ತಮಾನವನ್ನು ಹಾಸಿಗೆ ಹಿಡಿದಿದ್ದ ವಿಲ್ಬರ್‌ಫೋರ್ಸನು ಕೇಳಿ ದೇವರನ್ನು ಸ್ತುತಿಸಿದನು. ಮೂರು ದಿನಗಳ ಮೇಲೆ, ಜುಲೈ ೨೯ರಲ್ಲಿ, ತೀರಿಕೊಂಡನು. ಸುಮಾರು ೮ ಲಕ್ಷ ಜನರು ಆ ಕಾನೂನಿನಿಂದ ಬಿಡುಗಡೆಗೆ ಬಾಧ್ಯರಾದರು. ಯಜಮಾನರಿಗೆ ೨ ಕೋಟಿ ಪೌಂಡುಗಳ ಪರಿಹಾರ ಸಿಕ್ಕಿತು. ದುಡಿದವರಿಗೆ ಒಂದು ಕಾಸೂ ಸಿಕ್ಕಲಿಲ್ಲ. ನಮ್ಮ ದೇಶವು ಆ ಕಾನೂನಿನೊಳಗೆ ಸೇರಲಿಲ್ಲ. ಇಲ್ಲಿ ೧೮೪೩ರಲ್ಲಿ ಬೇರೊಂದು ಕಾನೂನು ಬಂದು, ಮನುಷ್ಯನನ್ನು ಮನುಷ್ಯನ ಸೊತ್ತೆಂದು ನ್ಯಾಯಸ್ಥಾನಗಳು ಎಣಿಸಬಾರದೆಂದು ವಿಧಿಸಿತು. ಸಾಲಕ್ಕಾಗಿ ತಲೆತಲೆಗೂ ದುಡಿಯುವ ಜೀತವನ್ನು ನಿ‍ಷೇಧಿಸುವ ಕಾನೂನು ೧೯೭೬ರಲ್ಲಿ ಬಂದಿತು. ಜೀತವೆಂದರೇನೆಂಬದನ್ನು ನಮ್ಮ ಹಳ್ಳಿಗಳವರಿಗೆ ಪುಸ್ತಕದಿಂದ ತಿಳಿಸಬೇಕಾಗಿಲ್ಲ.

ಪ್ರಿಯರೇ, ಈ ಇಬ್ಬರ ಚರಿತ್ರೆಯಿಂದ ನಾವು ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡೋಣ. ಸಭಾಪಾಲಕರೂ ಉಪದೇಶಿಗಳೂ ಆಗಿರುವ ನಾವು ನಮ್ಮ ಬಳಿಗೆ ಬಂದವರನ್ನು ನಮಗೆ ಕಟ್ಟಿಕೊಳ್ಳದೆ, ದೇವರು ಅವರಿಗೆ ಕೊಟ್ಟ ಕೆಲಸಕ್ಕೆ ಬಲಪಡಿಸಿ ಕಳುಹಿಸೋಣ. ನಮ್ಮ ಹಳೆಯ ತಪ್ಪುಗಳನ್ನು ಮುಚ್ಚಿ ಗೌರವವನ್ನು ಕಾಪಾಡಿಕೊಳ್ಳುವದಕ್ಕಿಂತ, ಅವುಗಳನ್ನು ಒಪ್ಪಿಕೊಂಡು ಇತರರನ್ನು ಕಾಪಾಡೋಣ. ಸಭೆಯವರಾದ ನೀವು, ನಿಮಗೆ ದೇವರ ವಾಕ್ಯವನ್ನು ಮೊದಲು ಕಲಿಸಿದವರನ್ನು ನೆನಪಿಗೆ ತಂದುಕೊಳ್ಳಿರಿ. ಅವರಲ್ಲಿ ಯಾರಾದರೂ ಮುದುಕರಾಗಿ, ಕಣ್ಣು ಕಾಣದೆ, ಯಾವದೋ ಊರಿನ ಮೂಲೆಯಲ್ಲಿ ಕುಳಿತಿರಬಹುದು. ಅವರ ಮರಣದ ದಿನದಲ್ಲಿ ಹೊಗಳುವದಕ್ಕೆ ಕಾದಿರಬೇಡಿರಿ. ಈ ವಾರವೇ ಹೋಗಿ ಅವರ ಬಾಗಿಲನ್ನು ತಟ್ಟಿರಿ, ಹಗಲಿನಲ್ಲಿಯೇ ಹೋಗಿರಿ.